ಗೋಡೆಗೆ ತಾಗದ ತಲೆ

ಜೂನ್ 4

ಬರೆಯುವುದು ನನ್ನ ಕೆಲಸವಲ್ಲ. ಹಾಸಿಗೆ ಹೊಲಿಯುವುದು ನನ್ನ ಕೆಲಸ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ದಬ್ಬಣ ಹಿಡಿದವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ತುರುಕಿ ಬರಿ ಅಂದರೆ ಏನು ಬರೆಯಲಿ? ಆದರೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕೇಳಬೇಕಲ್ಲ. ಮಗಳು ಬೆಳಗ್ಗೆ ಹೇಗೆ ಏಳುತ್ತಾಳೆ, ಮೈ ಎಷ್ಟು ಹೊತ್ತು ಬಿಗಿದಿರುತ್ತದೆ, ಯಾವಾಗ ಸಡಿಲವಾಗುತ್ತದೆ, ದಿನಾ ಬರೆದು ತರಬೇಕಂತೆ.

"ಅವಳಿಗೇ ಹೇಳಿ, ಅವಳು ಓದಿದವಳು" ಅಂದೆ.

"ಅವರು ಬರೆದ್ರೆ ಎಲ್ಲಾ ಕಮ್ಮಿ ಮಾಡಿ ಬರೀತಾರಮ್ಮ. ಈಗ ನೋಡಿದ್ರಲ್ಲ, ಕುರ್ಚಿಯಿಂದ ಏಳೋಕಾಗ್ದೆ ಮೇಜು ಹಿಡ್ಕೊಂಡ್ರು. ಕೇಳಿದ್ರೆ ಪರವಾಗಿಲ್ಲ ಅಂದ್ರು. ನೀವು ಮುಚ್ಚಿಡೋರ ಥರ ಕಾಣಲ್ಲ."

ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಮಗಳು ಮುಖ ಆಚೆ ತಿರುಗಿಸಿ ನಕ್ಕಳು. ನಗಲಿ.

ಡಾಕ್ಟರಮ್ಮನಿಗೆ ಬೇಕಾದ್ದನ್ನು ಬೇರೆ ಹಾಳೆಯಲ್ಲಿ ಬರೆದುಕೊಡುತ್ತೇನೆ. ಈ ಪುಸ್ತಕ ಅವಳಿಗಲ್ಲ. ಅವಳ ಹಾಳೆಯಲ್ಲಿ ಮಗಳ ಮೈಯಷ್ಟೇ ಹಿಡಿಸುತ್ತದೆ. ನನ್ನ ತಲೆಯಲ್ಲಿ ಸುತ್ತುತ್ತಿರುವುದನ್ನು ಎಲ್ಲಿ ಸುರಿಯಲಿ?

ಮಗಳ ರಕ್ತ ನೋಡಿದ್ದಾರೆ. ಗಡಗಡ ಸದ್ದು ಮಾಡುವ ಕೊಳವೆಯೊಳಗೆ ಮಲಗಿಸಿ ಸೊಂಟದ ಚಿತ್ರ ತೆಗೆದಿದ್ದಾರೆ. ಕಾಯಿಲೆಗೆ ರೈಲಿನಷ್ಟು ಉದ್ದದ ಹೆಸರಿದೆ, ನನ್ನ ನಾಲಿಗೆಗೆ ಹೊರಳುವುದಿಲ್ಲ. ಬೆನ್ನುಮೂಳೆಯ ಸಂಧಿವಾತ ಅಂದುಕೊಳ್ಳಿ ಅಂದಳು ಡಾಕ್ಟರಮ್ಮ. ಸಂಧಿವಾತ ಮುದುಕರಿಗಲ್ಲವೇ ಬರುವುದು? ಇವಳಿಗಿನ್ನೂ ಮೂವತ್ತು ತುಂಬಿಲ್ಲ ಅಂದೆ. "ಇದು ಶುರುವಾಗೋದೇ ಚಿಕ್ಕ ವಯಸ್ಸಲ್ಲಿ" ಅಂದಳು.

ಹೊರಡುವಾಗ ಕೇಳಿದಳು. "ಮನೇಲಿ ಬೇರೆ ಯಾರಿಗಾದ್ರೂ ಇಂಥದ್ದಿತ್ತಾ? ಬೆನ್ನು ಬಾಗಿದವರು? ಬೆಳಗ್ಗೆ ಏಳೋಕೆ ಒದ್ದಾಡ್ತಿದ್ದವರು?"

"ಯಾರೂ ಇಲ್ಲ" ಅಂದೆ. ಜೋರಾಗಿಯೇ ಅಂದೆ.

ಜೂನ್ 6

ಮಗಳು ಎದ್ದಾಗ ಮೈ ಮರದ ಹಲಗೆ. ಬಿಸಿನೀರು ಹುಯ್ದುಕೊಂಡು ಮನೆಯಲ್ಲಿ ಅತ್ತಿತ್ತ ಓಡಾಡಿದ ಮೇಲೆ ಸ್ವಲ್ಪ ಬಿಟ್ಟಿತು. ಇದನ್ನು ಡಾಕ್ಟರ ಹಾಳೆಗೂ ಹಾಕಿದ್ದೇನೆ.

ನನಗೆ ಕೋಪ ಬಂದಿರುವುದು ಬೇರೆ ವಿಷಯಕ್ಕೆ. ಮುಂದೆ ಅಂಗಡಿ, ಹಿಂದೆ ಮನೆ. ನಮ್ಮಪ್ಪನ ಕಾಲದಿಂದ ಹತ್ತಿ ಹಾಸಿಗೆ, ನಾರಿನ ಹಾಸಿಗೆ, ದಿಂಬು. ಈ ಬೀದಿಯಲ್ಲಿ ಯಾರಿಗೆ ಸೊಂಟ ಹಿಡಿದರೂ ಡಾಕ್ಟರಿಗಿಂತ ಮೊದಲು ನನ್ನ ಹತ್ತಿರ ಬರುತ್ತಾರೆ. ನಾನು ಅವರನ್ನು ಮಲಗಿಸಿ, ಎಲ್ಲಿ ಒತ್ತುತ್ತದೆ ನೋಡಿ, ಅಲ್ಲಿಗೆ ತಕ್ಕಂತೆ ತುಂಬಿಕೊಡುತ್ತೇನೆ. ಬೆನ್ನು ನೋಯಿತು ಅಂದರೆ ಮಲಗು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ವೈದ್ಯವಿಲ್ಲ.

ಮೊದಮೊದಲು ಮಗಳ ನೋವನ್ನು ನಾನು ನಂಬಲಿಲ್ಲ, ನಿಜ. ಬೆಳಗ್ಗೆ ಹೆಣದ ಹಾಗೆ ಬಿದ್ದಿರುತ್ತಿದ್ದವಳು ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕೂತು ಹಾಡಿಕೊಳ್ಳುತ್ತಿದ್ದಳು. ನೋವಿದ್ದವಳು ಹಾಡುತ್ತಾಳೆಯೇ? ಒಮ್ಮೆ ಎಡಗಡೆ ಕುಂಡೆ ಅನ್ನುತ್ತಿದ್ದಳು, ಒಮ್ಮೆ ಬಲಗಡೆ. "ನಿನ್ನ ನೋವೂ ಬಾಡಿಗೆ ಮನೆ ಬದಲಾಯಿಸ್ತಾ ಇರುತ್ತಾ ಏನೇ?" ಅಂತ ನಾನೇ ಕಿಚಾಯಿಸಿದ್ದೆ. ಹಿಮ್ಮಡಿ ಊರಲಾರದೆ ಕುಂಟಿದಾಗ ನಂಬಿದೆ. ನಂಬಿದ ಮೇಲೆ ನಾನು ಅರ್ಧಕ್ಕೆ ನಿಲ್ಲಿಸುವವಳಲ್ಲ. ಮೇಲಿನ ದರ್ಜೆಯ ಹತ್ತಿ ಹಿಂಜಿ, ಅಡಿಗೆ ನಾರು ಹಾಕಿ, ಒಂದು ಹಾಸಿಗೆ ಮಾಡಿದೆ. ನನ್ನ ಕೈಯಿಂದ ಅಂಥದ್ದು ಇನ್ನೊಂದು ಬಂದಿಲ್ಲ. ಅದರ ಮೇಲೆ ಮಲಗಿಸಿ, ಕೆಲಸ ಬಿಡಿಸಿ, ನೀರಿನ ಲೋಟ ಸಹ ಕೈಗೇ ಕೊಟ್ಟೆ. ತಿಂಗಳುಗಟ್ಟಲೆ.

ಈಗ ಡಾಕ್ಟರಮ್ಮ ಅದೇ ತಪ್ಪು ಅನ್ನುತ್ತಾಳೆ. "ಸವೆದ ಬೆನ್ನು ದುಡಿದಷ್ಟೂ ನೋಯುತ್ತೆ, ಮಲಗಿದ್ರೆ ತಣಿಯುತ್ತೆ. ಇದು ಸವೆತ ಅಲ್ಲಮ್ಮ, ಉರಿಯೂತ. ಇದರದ್ದು ಉಲ್ಟಾ. ಮಲಗಿದಷ್ಟೂ ಬಿಗಿಯುತ್ತೆ, ಆಡಿದಷ್ಟೂ ಬಿಡುತ್ತೆ. ಅದಕ್ಕೇ ಅವರು ಮಧ್ಯಾಹ್ನ ಹಾಡ್ತಿದ್ದದ್ದು."

"ನೀವು ಹಾಸಿಗೆ ಮಾರೋರಲ್ಲ, ಅದಕ್ಕೇ ಹಂಗಂತೀರಿ" ಅಂದೆ.

ಮನೆಗೆ ಬಂದ ಮೇಲೆ ನಮ್ಮನೆಯವರು ಒಂದು ಮಾತೂ ಆಡದೆ ಆ ಹಾಸಿಗೆಯನ್ನು ಸುತ್ತಿ ಹೆಗಲಿಗೇರಿಸಿಕೊಂಡು ಅಂಗಡಿಗೆ ಒಯ್ದರು. ಅವರು ಯಾವಾಗಲೂ ಹೀಗೆ. ಬೈದರೆ ತಿರುಗಿ ಬೈಯಬಹುದು, ಸುಮ್ಮನಿರುವವರನ್ನು ಏನು ಮಾಡುವುದು?

ಜೂನ್ 11

ಬೆಳಗ್ಗೆ ಮಗಳ ಕೋಣೆಯ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುವುದು ನನ್ನ ಹೊಸ ಕಸುಬಾಗಿದೆ. ಮಂಚ ಕಿರುಗುಟ್ಟುತ್ತದೆ. ಆಮೇಲೆ ಸದ್ದಿಲ್ಲ. ಇವತ್ತು ಏಳುವುದಿಲ್ಲವೇನೋ, ಇವತ್ತು ಅಂಟಿಕೊಂಡಿತೇನೋ ಅನ್ನಿಸುತ್ತದೆ.

ಅಂಟಿಕೊಳ್ಳುವುದು ಡಾಕ್ಟರಮ್ಮನ ಮಾತು. ಮೈಯನ್ನು ಕಾಯುವ ಕಾವಲೇ ದಾರಿ ತಪ್ಪಿ ಸ್ವಂತ ಮನೆಯ ಬಾಗಿಲು ಒಡೆಯುತ್ತಿದೆಯಂತೆ. ಸ್ನಾಯು, ನಾರು ಎಲ್ಲ ಮೂಳೆಗೆ ಕಚ್ಚಿಕೊಳ್ಳುವ ಜಾಗದಲ್ಲಿ ಉರಿ ಹತ್ತುತ್ತದಂತೆ. ಉರಿ ಆರಿದ ಕಡೆ ಮೈ ಹೊಸ ಮೂಳೆ ಬೆಳೆಸುತ್ತದೆ. ಬೆಳೆಸಿ ಬೆಳೆಸಿ ಒಂದು ಮೂಳೆಯನ್ನು ಪಕ್ಕದ್ದಕ್ಕೆ ಸೇರಿಸಿ ಹೊಲಿದುಬಿಡುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ ಅಂದಳು. ಎಲ್ಲರ ಲೆಕ್ಕ ನನಗೆ ಯಾಕೆ?

ಜೂನ್ 12

ಊಟಕ್ಕೆ ಕೂತಾಗ ನಮ್ಮನೆಯವರು ಬಾಯಿ ಬಿಟ್ಟರು. "ಮಾವನವರೂ ಬೆಳಗ್ಗೆ ಹಿಂಗೇ ಏಳ್ತಿದ್ರಲ್ಲ."

ಮಗಳು ತಲೆ ಎತ್ತಿದಳು. "ತಾತನಾ?"

"ಅದು ಕೆಲಸದ ಬೆನ್ನು. ಜೀವಮಾನವೆಲ್ಲ ಬಗ್ಗಿ ಹತ್ತಿ ಬಡಿದರೆ ಇನ್ನೇನಾಗುತ್ತೆ? ರೀ, ನೀವು ತಿನ್ನಿ ಸುಮ್ನೆ" ಅಂದೆ. ನನ್ನ ಮಾತು ಸ್ವಲ್ಪ ಹೆಚ್ಚೇ ಜೋರಾಯಿತು.

ಅಪ್ಪ ಕೊನೆಕೊನೆಗೆ ಜನರನ್ನು ಚಪ್ಪಲಿಯಿಂದ ಗುರುತು ಹಿಡಿಯುತ್ತಿದ್ದ. ಮುಖ ನೋಡಬೇಕಾದರೆ ಗೋಡೆಗೆ ಆತು, ಮಂಡಿ ಬಗ್ಗಿಸಿ, ಇಡೀ ಮೈಯನ್ನೇ ಹಿಂದಕ್ಕೆ ವಾಲಿಸಬೇಕಿತ್ತು. ಹಾಗೆ ವಾಲಿ ನನ್ನ ಮುಖ ನೋಡಿ "ಓ, ನೀನಾ" ಅನ್ನುತ್ತಿದ್ದ. ಆಮೇಲಾಮೇಲೆ ಅದನ್ನೂ ಬಿಟ್ಟ. ನನ್ನ ಕಾಲಿಗೇ ಮಾತಾಡುತ್ತಿದ್ದ. ಬೀದಿಯ ಮಕ್ಕಳು ಕೊಕ್ಕೆ ಅಂತ ಕರೆಯುತ್ತಿದ್ದರು. ಅವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದವಳು ನಾನು.

ಅದು ಕೆಲಸದ ಬೆನ್ನೇ. ಎಲ್ಲರೂ ಹಾಗೇ ಅಂದಿದ್ದರು.

ಜೂನ್ 19

ಮಾತ್ರೆ ಹಿಡಿಸಿದ ಹಾಗಿದೆ. ಮಗಳು ಸ್ವಲ್ಪ ಬೇಗ ಸಡಿಲವಾಗುತ್ತಾಳೆ. ಹೊಟ್ಟೆ ಉರಿ ಅನ್ನುತ್ತಾಳೆ, ಅದಕ್ಕೊಂದು ಮಾತ್ರೆ. ಮಾತ್ರೆಗೆ ಮಾತ್ರೆ.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವವಳೊಬ್ಬಳಿದ್ದಾಳೆ. ಇಷ್ಟು ಚಿಕ್ಕವಳು, ಬಾಯಿ ಮಾತ್ರ ಊರಗಲ. ಅವಳಿಗೆ ಕಸರತ್ತಿನವಳು ಅಂತ ಹೆಸರಿಟ್ಟಿದ್ದೇನೆ. ನೆಲಕ್ಕೆ ಚಾಪೆ ಹಾಕಿ, ಹೊಟ್ಟೆ ಅಡಿ ಮಾಡಿ ಮಲಗಿಸಿ, ಎದೆ ಎತ್ತು ಅನ್ನುತ್ತಾಳೆ. ನಾಲ್ಕು ಕಾಲಿನಲ್ಲಿ ನಿಲ್ಲಿಸಿ ಬೆನ್ನನ್ನು ಬೆಕ್ಕಿನ ಹಾಗೆ ಏರಿಸು, ಇಳಿಸು ಅನ್ನುತ್ತಾಳೆ. ಉದ್ದ ಉಸಿರೆಳೆದು ಪಕ್ಕೆಲುಬು ಹಿಗ್ಗಿಸು ಅನ್ನುತ್ತಾಳೆ. ಪಕ್ಕೆಲುಬು ಬೆನ್ನಿಗೆ ಕೂಡುವ ಕಡೆಯೂ ಬಿಗಿಯುತ್ತದಂತೆ, ಆಮೇಲೆ ಉಸಿರು ಮೇಲೆಮೇಲೇ ಆಗುತ್ತದಂತೆ.

"ಅಜ್ಜಿ, ಮನೇಲಿ ನೀವೇ ಮಾಡಿಸ್ಬೇಕು. ಇವರು ಕಳ್ಳಾಟ ಆಡ್ತಾರೆ."

"ಅಜ್ಜಿ ಅಂತೆ. ನಂಗೇನು ಮೊಮ್ಮಕ್ಕಳಿದ್ದಾರಾ?"

"ಸರಿ, ಅಕ್ಕ ಅಂತೀನಿ ಬಿಡಿ. ನಮ್ಮಕ್ಕನಿಗೂ ನಿಮ್ಮಷ್ಟೇ ಸಿಟ್ಟು."

ಮಗಳು ಬೆಕ್ಕಿನ ಹಾಗೆ ನಿಂತಿದ್ದವಳು ನಕ್ಕು ಚಾಪೆಯ ಮೇಲೆ ಬಿದ್ದಳು. ಅವಳ ನಗು ಕೇಳಿ ಬಹಳ ದಿನವಾಗಿತ್ತು.

ಜೂನ್ 27

ಮಗಳ ಎಡಗಣ್ಣು ಕೆಂಪಾಗಿದೆ. ನಿನ್ನೆ ಹಳೇ ಹತ್ತಿ ಹಿಂಜಿದ್ದೆವು, ಧೂಳು. ನಮ್ಮ ಕಸುಬಿನಲ್ಲಿ ಕೆಂಪಾಗದ ಕಣ್ಣು ಯಾರದ್ದು? ತಣ್ಣೀರಿನಲ್ಲಿ ತೊಳೆಸಿ, ಕಿಟಕಿ ಮುಚ್ಚಿ ಮಲಗಿಸಿದೆ. ಬೆಳಕು ಚುಚ್ಚುತ್ತೆ ಅನ್ನುತ್ತಾಳೆ. ಮುಚ್ಚಿಕೊಂಡರೆ ಸರಿಹೋಗುತ್ತದೆ.

ಜೂನ್ 28

ಇವತ್ತೂ ಕೆಂಪು. ಮತ್ತೆ ತೊಳೆಸಿದೆ. ಧೂಳಿಗಾದರೆ ಇಷ್ಟು ಹೊತ್ತಿಗೆ ಬಿಳುಪಾಗಬೇಕಿತ್ತು.

ಜೂನ್ 29

"ಅಮ್ಮ, ನಿನ್ನ ಮುಖ ಮಸುಕಾಗಿ ಕಾಣ್ತಿದೆ" ಅಂದಳು. ನಾನು ಚಪ್ಪಲಿ ಹಾಕಿಕೊಳ್ಳುವುದಕ್ಕೂ ನಿಲ್ಲಲಿಲ್ಲ. ನಮ್ಮನೆಯವರು ಸರಕಿನ ವ್ಯಾನಿನಲ್ಲಿದ್ದ ದಿಂಬುಗಳನ್ನೆಲ್ಲ ಅಂಗಡಿ ಮುಂದಿನ ಹಾದಿಗೇ ಎಸೆದರು. ನಾನು ಬರಿಗಾಲಲ್ಲಿ ಆಸ್ಪತ್ರೆ ಹೊಕ್ಕೆ.

ಕಣ್ಣಿನ ಡಾಕ್ಟರು ಬೆಳಕಿನ ಯಂತ್ರ ಇಟ್ಟು ನೋಡಿ, "ಮೊದಲ ದಿನವೇ ಯಾಕೆ ಬರಲಿಲ್ಲ?" ಅಂದರು.

"ಧೂಳು ಅಂದುಕೊಂಡೆ."

"ಧೂಳಲ್ಲ. ಇದು ಬೆನ್ನಿನ ಕಾಯಿಲೆಯ ಇನ್ನೊಂದು ಮುಖ. ಕಣ್ಣೊಳಗಿನ ಪೊರೆಗೆ ಅದೇ ಉರಿ ಹತ್ತಿದೆ. ಬೆನ್ನು ನೋವಿರೋರಿಗೆ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ತಡೀಲಿಕ್ಕಾಗದೆ ಹೋದ್ರೆ ಅವತ್ತೇ ಬರ್ಬೇಕು. ಬಿಟ್ರೆ ದೃಷ್ಟಿಗೇ ಕುತ್ತು."

ಬೆನ್ನಿನಿಂದ ಕಣ್ಣಿಗೆ ದಾರಿ ಇದೆ ಎಂದು ಯಾವ ದೇವರು ನನಗೆ ಹೇಳಿದ್ದ?

ಬಾಟಲಿಯಿಂದ ಹನಿ ಹಾಕುವುದು ನನ್ನ ಕೆಲಸ. ಗಂಟೆಗೊಮ್ಮೆ.

ಜೂನ್ 30

ಹನಿ. ಹನಿ. ಹನಿ. ಇನ್ನೂ ಮಸುಕು.

ಜುಲೈ 2

ಇವತ್ತು ಗೋಡೆಯ ಮೇಲಿನ ಗಡಿಯಾರ ತೋರಿಸಿ ಗಂಟೆ ಎಷ್ಟು ಅಂದೆ. ಸರಿಯಾಗಿ ಹೇಳಿದಳು. ಬಲಗಣ್ಣು ಮುಚ್ಚಿಸಿ ಕೇಳಿದೆ. ಆಗಲೂ ಹೇಳಿದಳು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ.

ಜುಲೈ 8

ಕಣ್ಣು ತಿಳಿಯಾಗಿದೆ. ಹನಿಯನ್ನು ತಟ್ಟನೆ ನಿಲ್ಲಿಸಬಾರದಂತೆ, ಸ್ವಲ್ಪಸ್ವಲ್ಪವೇ ಇಳಿಸಬೇಕಂತೆ. ಮತ್ತೆ ಬರಬಹುದು, ಇನ್ನೊಂದು ಕಣ್ಣಿಗೂ ಬರಬಹುದು ಅಂದಿದ್ದಾರೆ. ನಾನೀಗ ಬೆಳಗ್ಗೆ ಬಾಗಿಲಿಗೆ ಕಿವಿ ಕೊಡುವುದಷ್ಟೇ ಅಲ್ಲ, ಅವಳು ಹೊರಗೆ ಬಂದ ತಕ್ಷಣ ಕಣ್ಣೂ ನೋಡುತ್ತೇನೆ. "ನಾನೇನು ಮಾರಾಟದ ಮೀನಾ, ಕಣ್ಣು ನೋಡೋಕೆ?" ಅನ್ನುತ್ತಾಳೆ.

ಡಾಕ್ಟರಮ್ಮನ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ, ಮಗಳು ರಕ್ತ ಕೊಡಲು ಆಚೆ ಹೋಗಿದ್ದಳು. ನಾನು ಅಂದೆ, "ನಮ್ಮಪ್ಪನ ಬೆನ್ನು ಬಾಗಿತ್ತು. ಬೆಳಗ್ಗೆ ಇವಳ ಹಾಗೇ ಏಳ್ತಿದ್ದ. ಅವನ ಕಣ್ಣೂ ಆಗಾಗ ಕೆಂಪಾಗ್ತಿತ್ತು. ನಾವು ಧೂಳು ಅಂತಿದ್ವಿ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೇಳಿದ್ದು ಒಳ್ಳೇದಾಯ್ತು" ಅಂದು ಬರೆದುಕೊಂಡಳು. ಆಮೇಲೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. "ನಿಮಗೆ?"

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ."

"ಕುತ್ತಿಗೆ ಸ್ವಲ್ಪ ಆ ಕಡೆ ತಿರುಗಿಸಿ."

ತಿರುಗಿದೆ.

"ಕುತ್ತಿಗೆ ಅಂದೆ ಅಮ್ಮ. ನೀವು ಕುರ್ಚಿ ಸಮೇತ ತಿರುಗಿದ್ರಿ."

ಹೆತ್ತ ಹೆಂಗಸರ ಸೊಂಟ ಎಲ್ಲರದ್ದೂ ಹಾಗೇ, ಈ ಡಾಕ್ಟರಮ್ಮ ಇನ್ನೂ ಹೆತ್ತಿಲ್ಲ, ಅವಳಿಗೇನು ಗೊತ್ತು. ಮಗಳು ಹುಟ್ಟಿದಾಗಿನಿಂದ ಬೆಳಗ್ಗೆ ನಾನೂ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ನಿಂತೇ ಹೊರಡುವುದು. ಅದಕ್ಕೆಲ್ಲ ಯಾರು ಆಸ್ಪತ್ರೆಗೆ ಹೋಗುತ್ತಾರೆ?

ಜುಲೈ 15

ಕಸರತ್ತಿನವಳು ಇವತ್ತು ಅಳತೆ ಹಾಕಿದಳು. ಗೋಡೆಗೆ ಹಿಮ್ಮಡಿ ತಾಗಿಸಿ, ಬೆನ್ನು ತಾಗಿಸಿ, ಗದ್ದ ಎತ್ತದೆ ತಲೆಯ ಹಿಂಭಾಗ ತಾಗಿಸಬೇಕು. ಮಗಳ ತಲೆ ತಾಗಿತು. "ಭೇಷ್! ಇದನ್ನ ಕಾಪಾಡ್ಕೊಳ್ಳೋಕೇ ಈ ಗುದ್ದಾಟ ಎಲ್ಲಾ" ಅಂದಳು.

"ಅಮ್ಮ, ನೀನೂ ನಿಲ್ಲು, ನೋಡೋಣ" ಅಂದಳು ಮಗಳು. ಆಟಕ್ಕೆ ಅಂದದ್ದು.

ನಾನೂ ಆಟಕ್ಕೇ ನಿಂತೆ. ಹಿಮ್ಮಡಿ ತಾಗಿತು. ಕುಂಡೆ ತಾಗಿತು. ತಲೆಯನ್ನು ಹಿಂದಕ್ಕೆ ಒತ್ತಿದೆ, ಒತ್ತಿದೆ, ಹಿಂದೆ ಗೋಡೆಯೇ ಇಲ್ಲ. ಕಸರತ್ತಿನವಳು ತಲೆಗೂ ಗೋಡೆಗೂ ನಡುವೆ ಅಂಗೈ ತೂರಿಸಿದಳು. ಆಮೇಲೆ ಇನ್ನೊಂದು ಅಂಗೈಯನ್ನೂ ತೂರಿಸಿದಳು. ಮಗಳ ಕಡೆ ನೋಡಿದಳು.

"ನಿಮ್ಮ ಗೋಡೆ ಸರಿಯಿಲ್ಲ" ಅಂದೆ.

ಯಾರೂ ನಗಲಿಲ್ಲ.

ಜುಲೈ 16

ಅಂಗಡಿಯ ಗೋಡೆಗೆ ನಿಂತು ನೋಡಿದೆ. ಪಡಸಾಲೆಯ ಗೋಡೆಗೆ. ಬಚ್ಚಲಿನದಕ್ಕೆ. ಅಡುಗೆಮನೆಯ ಗೋಡೆಗೆ ನಿಂತಿದ್ದಾಗ ಇವರು ಬಂದರು. "ಏನೇ, ನೀನೇನು ಪೊಲೀಸರಿಗೆ ಸಿಕ್ಕವಳ ಹಾಗೆ ನಿಂತಿದ್ದೀಯ?" ಅಂದರು. ಏನೂ ಇಲ್ಲ ಅಂದೆ.

ಈ ಮನೆಯಲ್ಲಿ ಒಂದು ಗೋಡೆಯೂ ಸರಿಯಿಲ್ಲ.

ಜುಲೈ 24

ಕೆಟ್ಟ ದಿನ. ಮೊದಮೊದಲು ಹಿಡಿಸಿದ್ದ ಮಾತ್ರೆ ಸೋತ ಮೇಲೆ ಬೇರೆ ಮಾತ್ರೆ ಕೊಟ್ಟಿದ್ದರು, ಅದೂ ಸೋತಿದೆ. ರಕ್ತದಲ್ಲಿ ಉರಿ ಇಳಿದಿಲ್ಲ. ಮಗಳು ಬೆಳಗಿನ ಜಾವ ನೋವಿಗೆ ಎದ್ದು ಕೋಣೆಯಲ್ಲಿ ನಡೆದಾಡುವುದು ಮತ್ತೆ ಶುರುವಾಗಿದೆ. ಇನ್ನು ಸೂಜಿಮದ್ದು ಕೊಡೋಣ ಅಂದಳು ಡಾಕ್ಟರಮ್ಮ. ದಾರಿ ತಪ್ಪಿದ ಕಾವಲನ್ನು ತಣ್ಣಗಾಗಿಸುವ ಮದ್ದಂತೆ. ಮನೆಯಲ್ಲೇ ಚುಚ್ಚಿಕೊಳ್ಳಬಹುದು. ಕಣ್ಣಿಗೂ ಒಳ್ಳೆಯದು.

"ಎಷ್ಟು ದಿನ?" ಅಂದಳು ಮಗಳು.

"ಕೆಲಸ ಮಾಡುವಷ್ಟು ಕಾಲ. ವರ್ಷಗಳೇ ಆಗಬಹುದು."

"ಅಡ್ಡಪರಿಣಾಮ?"

ಡಾಕ್ಟರಮ್ಮ ಮುಚ್ಚಿಡಲಿಲ್ಲ. ಕಾವಲು ತಣ್ಣಗಾದರೆ ಹೊರಗಿನ ಸೋಂಕಿಗೂ ಸ್ವಲ್ಪ ದಾರಿ ಬಿಟ್ಟ ಹಾಗೆ. ಕ್ಷಯ ಎಲ್ಲಾದರೂ ಅಡಗಿದ್ದರೆ ಎದ್ದು ಕೂರಬಹುದು, ಅದಕ್ಕೇ ಮೊದಲು ಎದೆ ಪರೀಕ್ಷೆ. ಜ್ವರ ಬಂದರೆ ಉದಾಸೀನ ಮಾಡುವಂತಿಲ್ಲ. ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ, ಆದರೆ ಯಾರಿಗೂ ಆಗುವುದೇ ಇಲ್ಲ ಅಂತ ಹೇಳಲಾರೆ ಅಂದಳು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬಳು ಅದೇ ಮದ್ದಿನಿಂದ ತನ್ನ ತಮ್ಮ ಎದೆಯ ಕಾಯಿಲೆ ಬಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದಿದ್ದ ಅಂತ ಕಥೆ ಹೇಳಿದಳು. ಅವಳ ಬಾಯಿಗೆ ದಬ್ಬಣ ಹಾಕಿ ಹೊಲಿಯಬೇಕು ಅನ್ನಿಸಿತು. ಮಗಳ ಮುಖ ಬೆಳ್ಳಗಾಯಿತು. ನನ್ನದೂ ಆಗಿರಬೇಕು.

ಜುಲೈ 26

ಎದೆ ಪರೀಕ್ಷೆ ಸರಿಯಿದೆ. ಈಗ ಅವಳು ಹೂಂ ಅನ್ನುವುದೊಂದೇ ಬಾಕಿ. ಅನ್ನುತ್ತಿಲ್ಲ.

ಯಂತ್ರದ ಮುಂದೆ ಕೂತು ಅಂಚು ಹೊಲಿಯುತ್ತಿದ್ದಳು. ನಡುನಡುವೆ ಎದ್ದು ಬೆನ್ನು ಹಿಗ್ಗಿಸುವುದನ್ನು ಕಲಿತಿದ್ದಾಳೆ. ನಾನು ಪಕ್ಕದಲ್ಲಿ ಹಾಸಿಗೆಗೆ ದಾರ ಎಳೆದು ಗಂಟು ಹಾಕುತ್ತಿದ್ದೆ.

"ಹಾಕಿಸ್ಕೋತೀಯೇನೇ?" ಅಂದೆ.

"ನೀನು ನಿನ್ನ ಬೆನ್ನಿನ ಚಿತ್ರ ತೆಗೆಸ್ಕೋತೀಯಾ?"

"ನನ್ನ ಮಾತು ಯಾಕೆ ಈಗ?"

"ಗೋಡೆಗೆ ತಲೆ ತಾಗ್ಲಿಲ್ಲ ಅಂತ ಡಾಕ್ಟರು ನಿಂಗೂ ತೆಗೆಸ್ಬೇಕು ಅಂದ್ರಲ್ಲ. ನೀನು ಹೋಗಲ್ಲ. ಯಾಕೆ ಹೋಗಲ್ಲ ಹೇಳು."

"ಪುರುಸೊತ್ತಿಲ್ಲ."

"ಹೆದರಿಕೆ ಅಂತ ಹೇಳು ಅಮ್ಮ. ಒಂದ್ಸಲ ಹೇಳು, ಬಾಯೇನು ಸವೆಯಲ್ಲ."

"ನಿನ್ನ ಬಾಯಿ ಸವೆಯೋದೇ ಇಲ್ಲ ಬಿಡು."

"ನೀನು ತೋರಿಸ್ಕೋ, ಆಮೇಲೆ ನನ್ನ ಸೂಜಿ ಬಗ್ಗೆ ಮಾತಾಡು. ಅಲ್ಲೀತನಕ ಆ ಮಾತೇ ಬೇಡ." ಯಂತ್ರವನ್ನು ಗಡಗಡ ಓಡಿಸಿದಳು, ನಾನು ಏನಂದರೂ ಕೇಳಿಸಬಾರದು ಅಂತ.

ಇಂಥ ಮೊಂಡುತನ ಯಾರಿಂದ ಬಂತೋ. ಇವರ ಕಡೆಯಿಂದಲೇ ಇರಬೇಕು.

ಜುಲೈ 29

ಹೋಗುವುದಿಲ್ಲ. ನನ್ನ ಬೆನ್ನಿನೊಳಗೆ ಏನಿದೆ ಅಂತ ನೋಡುವ ಅಗತ್ಯ ನನಗಿಲ್ಲ. ನೋಡಿದರೆ ಅದು ಅಪ್ಪನಿಂದ ನನಗೆ, ನನ್ನಿಂದ ಅವಳಿಗೆ ಅಂತಾಗುತ್ತದೆ. ನೋಡದಿದ್ದರೆ ಕೆಲಸದ ಬೆನ್ನು.

ಆಗಸ್ಟ್ 1

ಬೆಳಗ್ಗೆ ಬಾಗಿಲ ಹೊರಗೆ ನಿಂತಿದ್ದೆ. ಮಂಚ ಕಿರುಗುಟ್ಟಿತು. ಸದ್ದು ನಿಂತಿತು. ಎಷ್ಟು ಹೊತ್ತಾದರೂ ಏನೂ ಇಲ್ಲ. ಬಾಗಿಲು ತಳ್ಳಿದೆ. ಮಂಚದ ಅಂಚಿಗೆ ಕೂತಿದ್ದಳು, ಎರಡೂ ಕೈ ಮಂಡಿಯ ಮೇಲೆ, ತಲೆ ಬಗ್ಗಿತ್ತು. ನನ್ನ ಮುಖ ನೋಡಲಿಲ್ಲ. ನನ್ನ ಕಾಲು ನೋಡಿ, "ಬಂದ್ಯಾ ಅಮ್ಮ" ಅಂದಳು.

ಅಷ್ಟೇ ಅಂದದ್ದು.

ನಾಳೆ ಹೋಗುತ್ತೇನೆ.

ಆಗಸ್ಟ್ 2

ಚಿತ್ರ ತೆಗೆಸಿಕೊಂಡೆ. ಮಗಳು ಜೊತೆಗೆ ಬಂದಳು. ಡಾಕ್ಟರಮ್ಮ ಚಿತ್ರವನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದಳು. ನನಗೆ ಏನೂ ಅರ್ಥವಾಗಲಿಲ್ಲ. ಬಿಳೀ ಕೋಲೊಂದು ಕಂಡಿತು, ನಡುನಡುವೆ ಗಿಣ್ಣು.

"ಬಿದಿರು ನೋಡಿದ್ದೀರಾ ಅಮ್ಮ?"

"ದಿನಾ ಅದರಲ್ಲೇ ಹತ್ತಿ ಬಡೀತೀನಿ."

"ಸೊಂಟದ ಕಡೆ ಬೆನ್ನುಮೂಳೆ ಹಾಗೇ ಕೂಡಿಕೊಂಡಿದೆ. ಬಿಡಿಬಿಡಿ ಇರಬೇಕಾದ ಮೂಳೆಗಳು ಒಂದಾಗಿವೆ. ಇದು ನಿನ್ನೆ ಮೊನ್ನೆಯದಲ್ಲ. ನಿಮಗೆ ನಿಮ್ಮ ಮಗಳ ವಯಸ್ಸಿದ್ದಾಗ ಶುರುವಾಗಿರಬೇಕು. ಆಗ ಹೆಂಗಸರಿಗೆ ಇದು ಬರೋದೇ ಇಲ್ಲ ಅನ್ನೋ ನಂಬಿಕೆ ಡಾಕ್ಟರುಗಳಲ್ಲೂ ಇತ್ತು."

ಕೂಡಿದ್ದನ್ನು ಬಿಡಿಸಲು ಬರುವುದಿಲ್ಲವಂತೆ. ಮೇಲಿನದು, ಕುತ್ತಿಗೆಯದು ಇನ್ನೂ ಸ್ವಲ್ಪ ಉಳಿದಿದೆ, ಅದನ್ನು ಉಳಿಸಿಕೊಳ್ಳಬಹುದಂತೆ. "ಅಂಟಿದ್ದು ಗಟ್ಟಿ ಅಂದ್ಕೋಬೇಡಿ. ಬಗ್ಗದ ಬೆನ್ನು ಬೇಗ ಮುರಿಯುತ್ತೆ. ತಲೆ ಮೇಲೆ ಹಾಸಿಗೆ ಹೊರೋದು ಇವತ್ತಿಗೇ ನಿಲ್ಲಬೇಕು. ಜಾರಿ ಬಿದ್ದು ಹೊಸ ನೋವು ಬಂದ್ರೆ ಅವತ್ತೇ ಬರಬೇಕು" ಅಂದಳು.

ಮಗಳು ಚಿತ್ರದ ಹತ್ತಿರ ಹೋಗಿ ಬಹಳ ಹೊತ್ತು ನಿಂತಳು. ಆಮೇಲೆ ಬಂದು ನನ್ನ ಬೆನ್ನಿನ ಮೇಲೆ ಅಂಗೈ ಇಟ್ಟಳು. ಕಣ್ಣು ಕಾಣದವರು ಮುಖ ಮುಟ್ಟಿ ನೋಡುವ ಹಾಗೆ ಮೇಲಿನಿಂದ ಕೆಳಗೆ ಮುಟ್ಟಿದಳು.

"ಇಷ್ಟು ವರ್ಷ ನೋಯ್ತಿರಲಿಲ್ವಾ ಅಮ್ಮ?"

"ನೋಯ್ತಿತ್ತು. ಎಲ್ಲರಿಗೂ ನೋಯುತ್ತೆ ಅಂದ್ಕೊಂಡಿದ್ದೆ."

ಮನೆಗೆ ಹೊರಟೆವು. ಇವರು ಪ್ರತಿ ಗುಂಡಿಗೂ ವ್ಯಾನನ್ನು ನಿಲ್ಲಿಸಿ ನಿಲ್ಲಿಸಿ ಇಳಿಸಿದರು, ಮೊಟ್ಟೆ ಸಾಗಿಸುವವರ ಹಾಗೆ. "ಹಿಂಗೇ ಓಡಿಸಿದ್ರೆ ನಾಳೆ ಮನೆ ಸೇರ್ತೀವಿ" ಅಂದೆ. ಕನ್ನಡಿಯಲ್ಲಿ ನೋಡಿದೆ, ಅಳುತ್ತಿದ್ದರು.

ಆಗಸ್ಟ್ 5

ಬೆಳಗ್ಗೆ ಮಗಳ ಚಾಪೆಯ ಪಕ್ಕ ನನ್ನದೊಂದು ಚಾಪೆ. ಬೆಕ್ಕಿನ ಹಾಗೆ ನಿಲ್ಲು ಅಂದಳು, ನಿಂತೆ. ಬೆನ್ನು ಏರಿಸು ಅಂದಳು. ಏರಿಸಿದೆ ಅಂದುಕೊಂಡೆ. "ಏರಿಸು ಅಮ್ಮ" ಅಂದಳು ಮತ್ತೆ. ಅಂಗಡಿಗೆ ಬಂದ ಗಿರಾಕಿಯೊಬ್ಬರು ಬಾಗಿಲ ಸಂದಿಯಲ್ಲಿ ನಮ್ಮಿಬ್ಬರನ್ನೂ ನೋಡಿ, ಏನೋ ಕಳೆದುಹೋಗಿದೆ ಅಂದುಕೊಂಡು, "ಉಂಗುರನಾ?" ಅಂತ ತಾವೂ ಬಗ್ಗಿ ಹುಡುಕತೊಡಗಿದರು.

ಇನ್ನೊಬ್ಬರು ಸೊಂಟನೋವು, ಹಾಸಿಗೆ ಬೇಕು ಅಂತ ಬಂದರು. ಬೆಳಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಮಲಗಿದರೆ ಕಮ್ಮಿಯಾಗುತ್ತೋ ಜಾಸ್ತಿಯಾಗುತ್ತೋ ಕೇಳಿದೆ. ಬೆಳಗ್ಗೆ ಜಾಸ್ತಿ, ಓಡಾಡಿದರೆ ಕಮ್ಮಿ ಅಂದರು. ಹಾಸಿಗೆ ಆಮೇಲೆ, ಮೊದಲು ದೊಡ್ಡಾಸ್ಪತ್ರೆಗೆ ಹೋಗಿ ಅಂದೆ. ಬೇರೆ ಅಂಗಡಿಗೆ ಹೋದರು.

ಆಗಸ್ಟ್ 9

ಮಗಳು ಇನ್ನೂ ಹೂಂ ಅಂದಿಲ್ಲ. ಕೇಳಿದರೆ ನೋಡೋಣ ಅನ್ನುತ್ತಾಳೆ. ಮೊನ್ನೆ ನೋಡೋಣ, ನಿನ್ನೆ ನೋಡೋಣ. ಬೆಂಚಿನ ಹೆಂಗಸಿನ ಕಥೆ ಅವಳ ತಲೆಯೊಳಗೆ ಕೂತಿದೆ. ನನಗೂ ಕೂತಿದೆ. ಅವಳು ಸುಮ್ಮನೆ ಕೆಮ್ಮಿದರೆ ನನ್ನ ಕೈಲಿದ್ದದ್ದು ಬೀಳುತ್ತದೆ, ಇನ್ನೂ ಸೂಜಿ ಚುಚ್ಚಿಲ್ಲದಿದ್ದರೂ.

ಕೇಳಿಕೇಳಿ ಜಗಳವಾಯಿತು. ಈ ಬಾಯಿಗೆ ಕೇಳಲು ಬರುವುದಿಲ್ಲ, ಕೂಗಲು ಬರುತ್ತದೆ. ಅದಕ್ಕೇ ಈ ಕೆಳಗಿನದನ್ನು ನಿನಗೇ ಬರೆಯುತ್ತಿದ್ದೇನೆ, ಮಗಳೇ. ಈ ಹಾಳೆಯನ್ನು ಹರಿದು ನಿನ್ನ ಯಂತ್ರದ ಮೇಲೆ ಇಡುತ್ತೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಹೆದರಿಕೆ ಅಂತ ಒಂದ್ಸಲ ಹೇಳು ಅಂತ ನೀನು ಅಂದಿದ್ದೆ. ಹೇಳುತ್ತೇನೆ. ನನಗೆ ಹೆದರಿಕೆ. ಆ ಸೂಜಿ ಕಂಡರೆ ಹೆದರಿಕೆ. ಅದಿಲ್ಲದೆ ನೀನು ದಿನದಿನವೂ ಬಿಗಿಯುವುದನ್ನು ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳಲು ಇನ್ನೂ ಹೆಚ್ಚು ಹೆದರಿಕೆ. ನನಗೆ ನಿನ್ನ ವಯಸ್ಸಿದ್ದಾಗ ಇಂಥದ್ದೊಂದು ಮದ್ದಿದೆ, ಬೇಕೇ ಬೇಡವೇ ಅಂತ ಯಾರೂ ಕೇಳಲಿಲ್ಲ. ನಿನ್ನನ್ನು ಕೇಳುತ್ತಿದ್ದಾರೆ. ಜ್ವರ ಬಂದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯುತ್ತೇನೆ, ಬರಿಗಾಲಲ್ಲಾದರೂ ಸರಿ. ಧೂಳು ಅನ್ನುವುದಿಲ್ಲ, ಮಲಗು ಅನ್ನುವುದಿಲ್ಲ.

ಬೆನ್ನು ನಿನ್ನದು. ಊಹೂಂ ಅಂದರೆ ಬೈಯುವುದಿಲ್ಲ. ಬೈದರೂ ಸ್ವಲ್ಪವೇ ಬೈಯುತ್ತೇನೆ. ಆದರೆ ಈ ನೋಡೋಣ ಅನ್ನುವುದನ್ನು ನಾನು ಉತ್ತರ ಅಂತ ಒಪ್ಪುವುದಿಲ್ಲ.

ಹತ್ತೊಂಬತ್ತಕ್ಕೆ ಡಾಕ್ಟರಮ್ಮ ಕಾಯುತ್ತಾಳೆ. ಹೂಂ ಅಥವಾ ಊಹೂಂ, ಹದಿನೆಂಟನೇ ತಾರೀಖು ಸಂಜೆ ಅಂಗಡಿ ಬಾಗಿಲು ಹಾಕುವಷ್ಟರಲ್ಲಿ ನನಗೆ ಉತ್ತರ ಬೇಕು.